ಸವೆದ ಬದಿ

ಹಳೆಯ ಗ್ರಾಮಫೋನ್ ತಟ್ಟೆಯನ್ನು ಕೈಗೆತ್ತಿಕೊಂಡವರು ಮೊದಲು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ನೇರವಾಗಿ ನೋಡಿದರೆ ತಟ್ಟೆಗಳೆಲ್ಲ ಒಂದೇ ಕಪ್ಪು. ಬೆಳಕು ಪಕ್ಕದಿಂದ ಜಾರಿದಾಗಲೇ ಅದು ಬಾಳಿದ ಬಾಳು ಕಣ್ಣಿಗೆ ಬೀಳುವುದು: ಮುಳ್ಳು ಮತ್ತೆ ಮತ್ತೆ ಓಡಿದ ಕಡೆ ಜಾಡೆಲ್ಲ ಮಂಕಾಗಿ, ತೆಳ್ಳಗೆ ಬೂದಿ ಬಳಿದಂತಿರುತ್ತದೆ, ಓಡದ ಕಡೆ ಮಳೆ ಬಿಟ್ಟ ಮೇಲಿನ ಡಾಂಬರು ರಸ್ತೆಯ ಹಾಗೆ ಮಿನುಗುತ್ತದೆ.

ಹೋದ ವರ್ಷ ಮೈಸೂರಿನ ಲಕ್ಷ್ಮೀಪುರದಲ್ಲಿ ಹಳೆಯ ಮನೆಯೊಂದನ್ನು ಕೆಡವುವುದಕ್ಕೆ ಮುಂಚೆ ಅಟ್ಟದಿಂದ ಇಳಿಸಿದ ಸಾಮಾನುಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆಯಿತ್ತು. ಒಳಗೆ ಕನ್ನಡ ಚಿತ್ರಗೀತೆಗಳ ಮೂವತ್ತೋ ನಲವತ್ತೋ ತಟ್ಟೆಗಳು. ಹೆಚ್ಚಿನವು ಬದಿಗೆರಡು ಹಾಡಿನ, ಏಳು ಇಂಚಿನ ಇ.ಪಿ.ಗಳು. ಮನೆಯ ಯಜಮಾನರು, ನನಗಿಂತ ನಾಲ್ಕೈದು ವರ್ಷಕ್ಕೆ ಹಿರಿಯರು, "ಅಮ್ಮ ಹೋದ ಮೇಲೆ ಯಾರೂ ಮುಟ್ಟಿಲ್ಲ ಸಾರ್ ಈ ಪ್ಲೇಟುಗಳನ್ನ. ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ. ನೀವು ಇಂಥದ್ದೆಲ್ಲ ಇಟ್ಕೋತೀರಂತಲ್ಲ, ತಗೊಂಡ್ಹೋಗಿ" ಎಂದರು. ದುಡ್ಡು ಕೊಡಹೋದರೆ ಬೇಡವೆಂದರು. ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಕಾಲ ಬಳಿ ಇಟ್ಟುಕೊಂಡು, ಪ್ರತಿ ಹಂಪ್‌ಗೂ ಉಸಿರು ಬಿಗಿಹಿಡಿದು ಮನೆಗೆ ತಂದೆ.

ಅದರಲ್ಲೊಂದು ತಟ್ಟೆ ರಾಜನ್-ನಾಗೇಂದ್ರರ ಸಂಗೀತದ, ಎಪ್ಪತ್ತರ ದಶಕದ ಚಿತ್ರದ್ದು. ಹಾಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ಓದುತ್ತಿರುವವರು ಅದನ್ನು ಗುನುಗತೊಡಗಿ ನನ್ನ ಮಾತು ಹಿಂದೆ ಬೀಳುತ್ತದೆ. ಅದರ ಒಂದು ಬದಿ ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಇನ್ನೊಂದು ಬದಿಯಲ್ಲಿ ಮೊದಲ ಹಾಡಿಗೂ ಅಷ್ಟೇನೂ ಆಗಿರಲಿಲ್ಲ. ಎರಡನೆಯ ಹಾಡಿನ ಪಟ್ಟಿ ಮಾತ್ರ ಪೂರ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ಆ ಮನೆಯಲ್ಲಿ ಯಾರೋ ನಾಲ್ಕು ಹಾಡುಗಳ ತಟ್ಟೆಯನ್ನು ಒಂದೇ ಹಾಡಿಗಾಗಿ ಇಟ್ಟುಕೊಂಡಿದ್ದರು. ಎರಡು ಹಾಡುಗಳ ನಡುವಿನ ಆ ಕಿರಿದಾದ ನುಣುಪು ಜಾಗಕ್ಕೆ ಕೈ ನಡುಗದಂತೆ ಮುಳ್ಳನ್ನು ಇಳಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ನೂರು ಸಲವೋ, ಐನೂರು ಸಲವೋ? ಸಂತೋಷಕ್ಕೋ, ಸಂತೋಷವಲ್ಲದ ಇನ್ನಾವುದಕ್ಕೋ? ಮಧ್ಯಾಹ್ನ ಎಲ್ಲರೂ ಹೊರಗೆ ಹೋಗಿ ಮನೆ ಮೌನವಾದ ಮೇಲೋ? ಡೈರಿ ಬರೆಯುವ ರೂಢಿಯಿಲ್ಲದವರ ಮನಸ್ಸೂ ಹೀಗೆ ಎಲ್ಲಾದರೊಂದು ಕಡೆ ತನ್ನ ಗೆರೆಯನ್ನು ಬಿಟ್ಟು ಹೋಗಿರುತ್ತದೆಯಲ್ಲ ಎನ್ನಿಸಿತು.

ಪುಸ್ತಕವನ್ನು ನೂರು ಸಲ ಓದಿದರೂ ಅಕ್ಷರ ತೆಳುವಾಗುವುದಿಲ್ಲ. ದೇವರ ಪಟಕ್ಕೆ ದಿನಾ ಕೈಮುಗಿದರೆ ಪಟಕ್ಕೇನೂ ಆಗುವುದಿಲ್ಲ. ತಟ್ಟೆಯ ವಿಷಯ ಹಾಗಲ್ಲ. ಒಂದು ಎಲ್.ಪಿ.ಯ ಒಂದು ಬದಿಯಲ್ಲಿರುವುದು ಒಂದೇ ಒಂದು ಜಾಡು. ಅದನ್ನು ಬಿಡಿಸಿ ಉದ್ದಕ್ಕೆ ಎಳೆದರೆ ಸುಮಾರು ಅರ್ಧ ಕಿಲೋಮೀಟರ್ ಆದೀತು. ಆ ದಾರಿಯುದ್ದಕ್ಕೂ ಮುಳ್ಳು ಜಾಡಿನ ಗೋಡೆಗಳನ್ನು ಒರಸುತ್ತ ಹೋಗುತ್ತದೆ, ಪ್ರತಿ ಸಲವೂ ಕಾಣದಷ್ಟು ಕಿತ್ತುಕೊಂಡು. ಕೇಳುವುದೆಂದರೆ ಇಲ್ಲಿ ಸವೆಸುವುದು. ಮೆಚ್ಚಿದಷ್ಟೂ ಮೆಚ್ಚಿದ್ದು ಕರಗುತ್ತದೆ.

ಮುಳ್ಳು ಮತ್ತು ತಟ್ಟೆಯ ಈ ವ್ಯವಹಾರ ಮೊದಲು ಬೇರೆ ತೆರನಾಗಿತ್ತು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ, ಬದಿಗೆ ಮೂರು ನಿಮಿಷದಷ್ಟೇ ಹಿಡಿಸುತ್ತಿದ್ದ ಹಳೆಯ ತಟ್ಟೆಗಳು ಅರಗಿನವು. ಮರದ ಕೊಂಬೆಗಳಿಗೆ ಹತ್ತಿಕೊಂಡ ಪುಟ್ಟ ಕೀಟ ಒಸರುವ ಅರಗು. ಆ ಅರಗಿಗೆ ಕಲ್ಲಿನ ಪುಡಿ ಬೆರೆಸಿ ತಟ್ಟೆ ಒತ್ತುತ್ತಿದ್ದರು. ಉಕ್ಕಿನ ಮುಳ್ಳನ್ನು ತಟ್ಟೆಯೇ ಉಜ್ಜಿ ತನ್ನ ಜಾಡಿಗೆ ಒಪ್ಪುವ ಆಕಾರಕ್ಕೆ ತಂದುಕೊಳ್ಳಲಿ ಎಂಬುದೇ ಕಲ್ಲಿನ ಪುಡಿಯ ಉದ್ದೇಶ. ಸವೆಯಬೇಕಾದದ್ದು ಮುಳ್ಳು, ಉಳಿಯಬೇಕಾದದ್ದು ತಟ್ಟೆ. ಅದಕ್ಕೇ ಮುಳ್ಳುಗಳು 200ರ ತಗಡಿನ ಡಬ್ಬಿಯಲ್ಲಿ ಬರುತ್ತಿದ್ದವು. ಒಂದು ಬದಿ ಮುಗಿದೊಡನೆ ಮುಳ್ಳನ್ನು ಎಸೆದು ಹೊಸದು ಹಾಕಬೇಕೆಂಬುದು ಕಟ್ಟಳೆ.

ನಮ್ಮ ಮನೆಗಳಲ್ಲಿ ಇಂಥ ಕಟ್ಟಳೆ ನಡೆಯುವುದುಂಟೆ? ಒಂದು ಒಲೆಯಿಂದ ಇನ್ನೊಂದು ಒಲೆಗೆ ಕೆಂಡ ದಾಟಿಸಿ ಬೆಂಕಿಕಡ್ಡಿ ಉಳಿಸುತ್ತಿದ್ದ ಜನ ನಾವು. ನನ್ನ ಸೋದರಮಾವನ ಮನೆಯಲ್ಲಿ ಒಂದು ಮುಳ್ಳಿಗೆ ಹತ್ತು ಹದಿನೈದು ಬದಿಯ ದುಡಿಮೆ ಖಂಡಿತ. ಬಳಸಿದ ಮುಳ್ಳುಗಳನ್ನು ಎಸೆಯದೆ ಇನ್ನೊಂದು ಡಬ್ಬಿಯಲ್ಲಿ ಬೇರೆ ಎತ್ತಿಡುತ್ತಿದ್ದರು, ಯಾವುದಕ್ಕಾದರೂ ಆಗುತ್ತದೆಂದು. ಕಾಸಿನ ಮುಳ್ಳು ಉಳಿಸಲು ಹೋಗಿ ರೂಪಾಯಿಯ ತಟ್ಟೆ ಗೊಗ್ಗರು ದನಿಗೆ ಬಂತು. ಅದನ್ನು ನೆನೆದು ನಗುತ್ತೇನೆ. ನಗು ಮುಗಿಯುವುದರೊಳಗೆ ನಮ್ಮ ಬೀರುವಿನಲ್ಲಿ ನೆಂಟರಿಗೆಂದು ಎತ್ತಿಟ್ಟು ಹದಿನೆಂಟು ವರ್ಷವಾದ ಜಮಖಾನ ನೆನಪಾಗುತ್ತದೆ. ಏನನ್ನು ಖರ್ಚು ಮಾಡಬೇಕು, ಏನನ್ನು ಕಾಯಬೇಕು ಎಂಬ ವಿವೇಕ ನಾವೆಣಿಸಿದಷ್ಟು ಸುಲಭದ್ದಲ್ಲ. ಮಿತವ್ಯಯ ಎಂದು ನಾವು ಹೆಮ್ಮೆಪಡುವುದರಲ್ಲಿ ಎಷ್ಟು ಪಾಲು ವಿವೇಕ, ಎಷ್ಟು ಪಾಲು ಬರೀ ಹೆದರಿಕೆ?

ತಟ್ಟೆ ಸಂಗ್ರಹಿಸುವವರ ಲೋಕದಲ್ಲಿ ಒಂದು ಅಳತೆಗೋಲಿದೆ. ಎಲ್ಲಕ್ಕಿಂತ ಮೇಲಿನದು 'ಮಿಂಟ್'. ಟಂಕಸಾಲೆಯಿಂದ ಈಗಷ್ಟೇ ಬಿದ್ದ ನಾಣ್ಯದಂಥದ್ದು. ಅದರ ಕೆಳಗೆ 'ನಿಯರ್ ಮಿಂಟ್', 'ವೆರಿ ಗುಡ್', 'ಗುಡ್'. ಈ ಭಾಷೆಯಲ್ಲಿ 'ಗುಡ್' ಎಂದರೆ ಚೆನ್ನಾಗಿಲ್ಲ ಎಂದರ್ಥ, ಅದೊಂದು ಮೋಜು. ಲೇಬಲಿನ ಮೇಲೆ ಯಾರದೋ ಹೆಸರು ಬರೆದಿದ್ದರೆ ಬೆಲೆ ಇಳಿಯಿತು. ರಟ್ಟಿನ ಹೊದಿಕೆಯ ಅಂಚು ಹರಿದಿದ್ದರೆ, ಕಾಫಿ ಲೋಟದ ಬಳೆಯಾಕಾರದ ಕಲೆಯಿದ್ದರೆ ಇನ್ನಷ್ಟು ಇಳಿಯಿತು. ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳುವುದು ಅಂಗಡಿಯ ಮೂಲೆಯಲ್ಲೇ ಉಳಿದು, ಯಾರ ಮನೆಗೂ ಹೋಗದೆ, ಯಾರ ಕಿವಿಗೂ ಬೀಳದೆ ಅರ್ಧ ಶತಮಾನ ಕಳೆದ ತಟ್ಟೆ. ಹಾಡಿಗಾಗಿ ಹುಟ್ಟಿದ ವಸ್ತು ಹಾಡದೆ ಉಳಿದದ್ದೇ ಅದರ ಯೋಗ್ಯತೆಯಾಯಿತು! ನಾನೂ ಈ ಅಳತೆಗೋಲು ಹಿಡಿದೇ ಇಪ್ಪತ್ತು ವರ್ಷ ಮಂಡಿ ಮೊಹಲ್ಲಾದ ಗುಜರಿ ಅಂಗಡಿಗಳಲ್ಲಿ ಮೊಣಕಾಲೂರಿ ಕೂತವನು. ಆದ್ದರಿಂದ ಇದನ್ನು ಹೊರಗಿನವನ ಕೊಂಕೆಂದು ಯಾರೂ ತಿಳಿಯಬಾರದು.

ಈ ಅಳತೆಯಲ್ಲಿ ಎಲ್ಲಕ್ಕಿಂತ ಕೆಳಗೆ ಬೀಳುವವು ಮೈಕ್‌ಸೆಟ್‌ನವರ ತಟ್ಟೆಗಳು. ಮದುವೆ ಮನೆ, ಗಣಪತಿ ಪೆಂಡಾಲು, ಊರಹಬ್ಬ, ರಾಜ್ಯೋತ್ಸವ ಎಂದು ಅವು ತಿರುಗದ ಬೀದಿಯಿಲ್ಲ. ಇನ್ನೊಬ್ಬ ಮೈಕ್‌ಸೆಟ್‌ನವನ ಗಂಟಿಗೆ ಸೇರಿಹೋಗದಿರಲೆಂದು ಲೇಬಲಿನ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಬಳಿದಿರುತ್ತಾರೆ. ಹೊದಿಕೆಯಂತೂ ಇರುವುದೇ ಇಲ್ಲ. ಒಂದರ ಮೇಲೊಂದು ಪೇರಿಸಿ ಗೋಣಿತಾಟಿನಲ್ಲಿ ಸುತ್ತಿದವು. ಮೈಯೆಲ್ಲ ಗೀರು, ಪೆಂಡಾಲಿನ ಧೂಳು, ಯಾರೋ ಎರಚಿದ ಅಕ್ಷತೆಯ ಅರಿಸಿನ. ಅಂಥದ್ದೊಂದನ್ನು ಹಾಕಿದರೆ ಹಾಡಿಗಿಂತ ಮುಂಚೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು ಬರುತ್ತದೆ. ಆದರೆ ರೇಡಿಯೋ ಕೂಡ ಎಲ್ಲರ ಮನೆಯಲ್ಲಿರದ ಕಾಲದಲ್ಲಿ, ಪಿ.ಬಿ. ಶ್ರೀನಿವಾಸರ ದನಿ ಬೀದಿಯ ತುದಿಯ ಗುಡಿಸಲಿಗೂ ತಲುಪಿದ್ದು ಇವುಗಳ ಬೆನ್ನೇರಿ ಅಲ್ಲವೆ? ಸಾವಿರ ಮಂದಿಗೆ ಹಾಡಿದ ತಟ್ಟೆಗೆ ಸಂತೆಯಲ್ಲಿ ಬೆಲೆಯಿಲ್ಲ, ಒಬ್ಬರಿಗೂ ಹಾಡದ್ದಕ್ಕೆ ಹರಾಜು. ಮನುಷ್ಯರ ವಿಷಯದಲ್ಲೂ ನಾವು ಹೀಗೇ ಎಂದು ಒಂದೊಂದು ಸಲ ಅನ್ನಿಸುವುದುಂಟು. ಹತ್ತು ಜನರ ಕಷ್ಟಕ್ಕೆ ಓಡಾಡಿ ಮುಖ ಬಾಡಿದವರಿಗಿಂತ, ಯಾರ ಗೋಜಿಗೂ ಹೋಗದೆ ಮಡಿಕೆ ಕೆಡದ ಪಂಚೆಯಲ್ಲಿರುವವರನ್ನೇ ಎದ್ದು ನಿಂತು ಬರಮಾಡಿಕೊಳ್ಳುತ್ತೇವೆ.

ಮುಟ್ಟದೆ ಇಟ್ಟರೆ ಉಳಿಯುತ್ತದೆ ಎಂಬುದಾದರೂ ನಿಜವೇ? ರೇಷ್ಮೆಯ ಊರಿನವರಿಗೆ ಇದರ ಉತ್ತರ ಗೊತ್ತಿದೆ. ಜರಿಯಂಚಿನ ಸೀರೆಯನ್ನು ಉಡದೆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಅದು ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಅದಕ್ಕೇ ಅಜ್ಜಿಯರು ಆಗಾಗ ಸೀರೆಯನ್ನು ಹೊರತೆಗೆದು, ಗಾಳಿಗೆ ಹರವಿ, ಮಡಿಕೆ ಬದಲಿಸಿ ಇಡುತ್ತಿದ್ದರು. ವಿನೈಲ್ ತಟ್ಟೆಯೂ ಮಲಗಿಸಿಟ್ಟರೆ ಭಾರಕ್ಕೆ ಡೊಂಕಾಗುತ್ತದೆ, ಬಿಸಿಗೆ ಹಪ್ಪಳದಂತೆ ಏಳುತ್ತದೆ, ಆಷಾಢದ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಉಡದ ಸೀರೆಗೆ ಒಂದು ಸವೆತ, ಉಟ್ಟ ಸೀರೆಗೆ ಒಂದು ಸವೆತ. ಎರಡೂ ಹರಿಯುವುದೇ ಆದರೆ, ಯಾವ ಹರಿಕನ್ನು ಆರಿಸಿಕೊಳ್ಳಬೇಕು ಎಂಬುದಷ್ಟೇ ನಮ್ಮ ಕೈಲಿರುವುದು.

ಮೈಸೂರಿನಲ್ಲಿ ಕೂತು ತಟ್ಟೆಗಳ ಮಾತೆತ್ತಿದ ಮೇಲೆ ಅರಮನೆಯನ್ನು ಬಳಸಿ ಹೋಗುವಂತಿಲ್ಲ. ಜಯಚಾಮರಾಜೇಂದ್ರ ಒಡೆಯರು ಪಿಯಾನೊ ಕಲಿತವರು, ಅದರಲ್ಲೇ ಮುಂದುವರಿಯುವ ಕನಸಿದ್ದವರು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪನೂ ತೀರಿಕೊಂಡು, 21ನೇ ವಯಸ್ಸಿಗೆ ರಾಜ್ಯದ ಭಾರ ಹೆಗಲಿಗೆ ಬಂದಾಗ ಆ ಕನಸು ಅಲ್ಲಿಗೇ ನಿಂತಿತು. ಆಮೇಲೆ ಅವರು ಸಂಗ್ರಹಿಸಿದ ತಟ್ಟೆಗಳು ಸುಮಾರು 20,000ದಷ್ಟಿದ್ದವೆಂದು ಅಂದಿನ ಅಂದಾಜು. ತಾನು ನುಡಿಸಲಾಗದೆ ಹೋದದ್ದನ್ನೆಲ್ಲ ಕೇಳಿಯಾದರೂ ಮುಗಿಸುತ್ತೇನೆ ಎಂಬ ಛಲದಂತೆ ಕಾಣುತ್ತದೆ ಆ ಸಂಖ್ಯೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅವರು ಕೊಂಡ ತಟ್ಟೆಗಳಿಗಿಂತ, ಅವರಿಂದಾಗಿ ಹುಟ್ಟಿದ ತಟ್ಟೆಗಳು. ಲಂಡನ್ನಿನಲ್ಲಿ ಮುಪ್ಪು, ಕಾಯಿಲೆ, ಜನರ ಮರೆವಿನ ನಡುವೆ ದಿನ ದೂಡುತ್ತಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸುವಂತಾದದ್ದು ಮೈಸೂರಿನ ಹಣದಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಆ ಹಣ ಯಾರದು, ಅದಕ್ಕೆ ಮಂಡ್ಯದ ಗದ್ದೆಯವನ ಒಪ್ಪಿಗೆಯಿತ್ತೇ ಎಂದು ಕೇಳುವವರು ಕೇಳಲಿ, ಆ ಪ್ರಶ್ನೆ ತಪ್ಪಲ್ಲ.

ಇನ್ನೊಂದು ಸಂಗತಿಯಂತೂ ನನ್ನ ಬೂದು ತಟ್ಟೆಯ ಪಕ್ಕದಲ್ಲೇ ಇಡಬೇಕಾದದ್ದು. ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಗೀತೆಗಳನ್ನು ಅವರ ಸಾವಿನ ಮರುವರ್ಷ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಹಣದ ಹೊಣೆ ಹೊತ್ತವರು ಮೈಸೂರಿನ ಮಹಾರಾಜರು. ಅದನ್ನು ತಟ್ಟೆಗೆ ಇಳಿಸಿ ಮೈಸೂರಿಗೆ ಕಳಿಸಬೇಕೆಂಬುದು ಕರಾರು. ಸ್ವತಃ ಸ್ಟ್ರಾಸ್ ಕೇಳದೆ ಹೋದ ಹಾಡು ಹೀಗೆ ಚಾಮುಂಡಿ ಬೆಟ್ಟದ ತಪ್ಪಲಿಗೆ ಬಂತು. ಮುಂದೆ ಎಷ್ಟೋ ವರ್ಷಗಳಾದ ಮೇಲೆ ಆ ಸಂಜೆಯ ಮುದ್ರಣವನ್ನು ಎಲ್.ಪಿ.ಯಾಗಿ ತರಹೊರಟಾಗ, ಮೂಲದ ಮೆತು ತಟ್ಟೆಗಳು ತೀರಾ ಸವೆದುಹೋಗಿದ್ದವು; ಸಾಲುಗಳು ಮಂಜಿನಾಚೆಯಿಂದ ಬಂದಂತೆ ಬಂದವು. ತಜ್ಞರು ಇದಕ್ಕೆ ಬಹಳ ಕೊರಗಿದ್ದಾರೆ. ಕೊರಗಬೇಕಾದದ್ದೇ. ಆದರೂ ಆ ಸವೆತದಲ್ಲಿ, ಯಾರೋ ಅವನ್ನು ಮತ್ತೆ ಮತ್ತೆ ಹಾಕಿ ಕೂತಿದ್ದರೆಂಬ ಸುಳಿವಿನಲ್ಲಿ, ನನಗೆ ಲಕ್ಷ್ಮೀಪುರದ ಅಟ್ಟದ ವಾಸನೆಯೇ ಬರುತ್ತದೆ.

ಸವೆಯುವ ಭಾಗ್ಯವೂ ಇಲ್ಲದೆ ಹೋದ ಸಂಗೀತ ಬೇರೆಯೇ ಇದೆ. ರಾಜನ್-ನಾಗೇಂದ್ರ ಸಹೋದರರು ಮೈಸೂರಿನ ಶಿವರಾಂಪೇಟೆಯವರು. ರಾಜನ್ ಪಿಟೀಲು ಕಲಿತರು, ನಾಗೇಂದ್ರ ಜಲತರಂಗ. ಅವರ ತಂದೆ ರಾಜಪ್ಪನವರು ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದವರು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಮೇಲೆ ಚಿತ್ರ ಓಡುವಾಗ ಅದಕ್ಕೆ ಜೊತೆಯಾಗಿ ನುಡಿಸುತ್ತಿದ್ದರು. ಅದೂ ಚಲನಚಿತ್ರ ಸಂಗೀತವೇ. ನಾಯಕಿ ಅತ್ತಾಗ ಕೊಳಲು ಏನು ಹೇಳಿತು, ಕುದುರೆ ಓಡಿದಾಗ ಹಾರ್ಮೋನಿಯಂ ಮನೆಗಳ ಮೇಲೆ ಬೆರಳುಗಳು ಹೇಗೆ ಓಡಿದವು, ಒಂದು ಆಟಕ್ಕೂ ಇನ್ನೊಂದು ಆಟಕ್ಕೂ ಎಷ್ಟು ಬದಲಾದವು? ಆಟ ಮುಗಿದು ದೀಪ ಹತ್ತಿದೊಡನೆ ಎಲ್ಲ ಗಾಳಿಗೆ ಹೋಯಿತು. ಮಕ್ಕಳ ಸಂಗೀತ ತಟ್ಟೆಗಿಳಿದು, ಕ್ಯಾಸೆಟ್ಟಿಗಿಳಿದು, ಈಗ ಎಲ್ಲರ ಜೇಬಿನ ಫೋನಿಗೂ ಇಳಿದಿದೆ. ತಂದೆಯದರಲ್ಲಿ ಒಂದು ಸ್ವರವೂ ಉಳಿದಿಲ್ಲ, ಮಕ್ಕಳ ಕಿವಿಯಲ್ಲಿ ಉಳಿದು ಅವರ ರಾಗಗಳೊಳಗೆ ಸೇರಿಕೊಂಡದ್ದನ್ನು ಬಿಟ್ಟರೆ. ಭಾರತದ ಮೊದಲ ಮಾತಿನ ಚಿತ್ರ, 1931ರ 'ಆಲಂ ಆರಾ'ದ ಹಾಡುಗಳೂ ತಟ್ಟೆಗಳಾಗಿ ಬರಲಿಲ್ಲ. ಚಿತ್ರದ ಪ್ರತಿ ಕಳೆದುಹೋದಾಗ ಹಾಡುಗಳೂ ಅದರೊಡನೆ ಹೋದವು. 1934ರ ನಮ್ಮ 'ಸತಿ ಸುಲೋಚನಾ'ದ ಪ್ರತಿಯೂ ಇಂದು ಇಲ್ಲ. ಕಾಪಾಡುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದ್ದರಿಂದ ಸಂಗ್ರಾಹಕನ ಹುಚ್ಚನ್ನು ಪೂರ್ತಿ ಜರಿಯಲೂ ಮನಸ್ಸು ಒಪ್ಪುವುದಿಲ್ಲ.

ಕಂಠಕ್ಕೂ ಸವೆತವಿದೆ, ತಟ್ಟೆ ಅದನ್ನು ಮರೆಮಾಚುತ್ತದೆ ಅಷ್ಟೆ. 2017ರ ಅಕ್ಟೋಬರ್ 28ರಂದು ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಎಸ್. ಜಾನಕಿಯವರು ತಮ್ಮ ಕೊನೆಯ ವೇದಿಕೆ ಕಾರ್ಯಕ್ರಮ ನೀಡಿದರು. ನಾನೂ ಜನರ ನಡುವೆ ಮೆಟ್ಟಿಲ ಮೇಲೆ ಕೂತಿದ್ದೆ. ಮನೆಯ ತಟ್ಟೆಗಳಲ್ಲಿ ಅವರ ದನಿಗೆ ಇಪ್ಪತ್ತೈದೋ ಮೂವತ್ತೋ ವಯಸ್ಸು, ಅಲ್ಲಿ ಎಪ್ಪತ್ತೊಂಬತ್ತು. ಇನ್ನು ಸಾಕು ಎಂದು ತಾವಾಗಿಯೇ ಹೇಳುವ ಧೈರ್ಯ ಎಷ್ಟು ಮಂದಿಗಿದೆ? ಆಂಧ್ರದಲ್ಲಿ ಹುಟ್ಟಿ, ಮದ್ರಾಸಿನ ಸ್ಟುಡಿಯೋಗಳಲ್ಲಿ ಹಾಡಿ, ಕಲ್ಕತ್ತೆಯ ಡಮ್‌ಡಮ್ಮಿನ ಕಾರ್ಖಾನೆಯಲ್ಲಿ ತಟ್ಟೆಯಾಗಿ, ನಾಯಿ ಮಾರ್ಕಿನ ಲೇಬಲ್ ಹೊತ್ತು ಇಲ್ಲಿಗೆ ಬಂದ ಆ ದನಿಯನ್ನು ನಮ್ಮ ಬೀದಿಯ ಹೆಣ್ಣುಮಗಳದೆಂದೇ ತಿಳಿದು ಬೆಳೆದವರು ನಾವು.

ಲೇಬಲ್ ಎಂದಾಗ ಹೆಸರಿನ ಮಾತು ಬರುತ್ತದೆ. ಭಾರತದ ಮೊದಲ ತಟ್ಟೆಗಳಿಗೆ 1902ರಲ್ಲಿ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿ, ಕಲ್ಕತ್ತೆಯಲ್ಲಿ ರಾಣಿಯಂತೆ ಮೆರೆದ ಆಕೆ ಇಳಿವಯಸ್ಸಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ ಮೈಸೂರಿಗೆ ಬಂದು, 1930ರ ಜನವರಿ 17ರಂದು ಇಲ್ಲೇ ಕಣ್ಮುಚ್ಚಿದಳು. ಅದಾಗಿ ಎರಡು ದಶಕಕ್ಕೆ, 1949ರ 'ಮಹಲ್' ಚಿತ್ರದ ತಟ್ಟೆಯ ಮೇಲೆ ಲತಾ ಮಂಗೇಶ್ಕರರ ಹೆಸರಿರಲಿಲ್ಲ. ಪಾತ್ರದ ಹೆಸರಾದ 'ಕಾಮಿನಿ' ಎಂದೇ ಅಚ್ಚಾಗಿತ್ತು. ಗಾಯಕರಿಗೆ ಕ್ರಮೇಣ ನ್ಯಾಯ ಸಿಕ್ಕಿತು. ಪಿಟೀಲು, ತಬಲ, ಮ್ಯಾಂಡೊಲಿನ್ ನುಡಿಸಿದವರು ಲೇಬಲಿನ ಹೊರಗೇ ಉಳಿದರು. ಯಾವ ಹಾಡಿನ ಯಾವ ಕೊಳಲು ನಮ್ಮನ್ನು ಅಳಿಸಿತೋ ಅದರ ಉಸಿರು ಯಾರದೆಂದು ತಿಳಿಯದೆಯೇ ಅತ್ತಿದ್ದೇವೆ.

ನನ್ನ ಪೆಟ್ಟಿಗೆಯ ತಟ್ಟೆಗಳ ಮೇಲೆ ಇನ್ನೊಂದು ಹೆಸರಿತ್ತು. ಎಲ್ಲ ಲೇಬಲುಗಳ ಮೇಲೂ, ನಡುವಿನ ತೂತಿನ ಸುತ್ತ ಬಳಸಿಕೊಂಡು, ನೀಲಿ ಶಾಯಿಯಲ್ಲಿ, ಪ್ರಾಥಮಿಕ ಶಾಲೆಯ ಮೇಷ್ಟ್ರು ಮೆಚ್ಚುವಂಥ ದುಂಡಗಿನ ಕನ್ನಡದಲ್ಲಿ ಬರೆದ ಹೆಂಗಸಿನ ಹೆಸರು. ಮೊದಲು ನೋಡಿದಾಗ 'ಅಯ್ಯೋ, ಬೆಲೆ ಹೋಯಿತು' ಎಂದುಕೊಂಡೆ. ಎಷ್ಟೋ ದಿನವಾದ ಮೇಲೆ ಹೊಳೆಯಿತು: ಯಾರಾದರೂ ತಮ್ಮ ವಸ್ತುವಿನ ಮೇಲೆ ಹೆಸರು ಬರೆಯುವುದು ಯಾವಾಗ? ಅದು ಮನೆ ಬಿಟ್ಟು ಹೊರಗೆ ಹೋಗುವಾಗ. ಮದುವೆ ಮನೆಗೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಕೆತ್ತಿಸುತ್ತೇವೆ, ಸ್ಕೂಲಿಗೆ ಹೋಗುವ ಮಗುವಿನ ಸ್ಲೇಟಿನ ಮೇಲೆ ಬರೆಯುತ್ತೇವೆ. ಆಕೆ ಈ ತಟ್ಟೆಗಳನ್ನು ನೆರೆಹೊರೆಗೆ ಕೊಡುತ್ತಿದ್ದರು. ಕೇಳಿ, ವಾಪಸು ಕೊಡಿ, ಇದರಲ್ಲಿ ನನ್ನ ಹೆಸರಿದೆ.

ನನ್ನ ಸಂಗ್ರಹದಲ್ಲಿ ಆರುನೂರಕ್ಕೂ ಮಿಕ್ಕಿ ತಟ್ಟೆಗಳಿವೆ. ಒಂದರ ಮೇಲೂ ನನ್ನ ಹೆಸರಿಲ್ಲ. ಬರೆಯುವ ಅಗತ್ಯ ಬಿದ್ದೇ ಇರಲಿಲ್ಲ. ಹತ್ತು ವರ್ಷದ ಹಿಂದೆ ಗೆಳೆಯನೊಬ್ಬ, ತಂದೆಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಒಂದೇ ಒಂದು ತಟ್ಟೆ ಕೊಡುವೆಯಾ, ಮಾರನೇ ದಿನವೇ ತಂದುಕೊಡುತ್ತೇನೆ ಎಂದು ಕೇಳಿದ. "ಅದೇ ಹಾಡು ಫೋನಿನಲ್ಲಿ ಇದಕ್ಕಿಂತ ಚೆನ್ನಾಗಿ ಸಿಗುತ್ತಲ್ಲೋ" ಎಂದೆ. ಸುಳ್ಳಲ್ಲ. ಫೋನಿನಲ್ಲಿ ಸಿಡಿತವಿಲ್ಲ, ಗೊರಗೊರವಿಲ್ಲ, ಮೇಲೆದ್ದು ಬದಿ ತಿರುವುವ ಕಷ್ಟವಿಲ್ಲ. ತಟ್ಟೆಯ ದನಿಗೇ ಏನೋ ಬಿಸುಪಿದೆ ಎಂದು ನಾವು ಹೇಳುವ ಮಾತಿನಲ್ಲಿ ಅರ್ಧ ನಮ್ಮ ಕಿವಿಯದು, ಅರ್ಧ ನಾವು ಕೊಟ್ಟ ದುಡ್ಡಿನದು. ಗೆಳೆಯನಿಗೆ ಹೇಳಿದ್ದು ನಿಜವೇ ಆದರೂ ಹೇಳಿದ ಕಾರಣ ಅದಾಗಿರಲಿಲ್ಲ. ಅವನೂ ಅದನ್ನು ತಿಳಿದು ನಕ್ಕು ಸುಮ್ಮನಾದ. ಅವನ ತಂದೆ ಈಗಿಲ್ಲ. ತಟ್ಟೆ ಇದೆ, 'ನಿಯರ್ ಮಿಂಟ್'.

ಪೆಟ್ಟಿಗೆ ತಂದು ಎರಡು ತಿಂಗಳಾಗಿರಬೇಕು, ಒಂದು ಸಂಜೆ ಆ ಮನೆಯ ಯಜಮಾನರು ಬಂದರು. ಮನೆ ಕೆಡವಿ ಆಗಿತ್ತು, ಪಾಯ ತೋಡುತ್ತಿದ್ದರಂತೆ. ಕಾಫಿ ಕುಡಿದು, ಮಳೆಯ ಮಾತು ಮರಳಿನ ರೇಟಿನ ಮಾತು ಮುಗಿಸಿ, ಎದ್ದು ನಿಂತ ಮೇಲೆ ಸಂಕೋಚದಿಂದ, "ಸಾರ್, ಆ ಪ್ಲೇಟುಗಳಲ್ಲಿ ಅಮ್ಮ ಯಾವಾಗ್ಲೂ ಹಾಕ್ತಿದ್ದದ್ದು ಒಂದಿತ್ತು. ಹಾಡು ಯಾವುದೂಂತ ಬಾಯಿಗೆ ಬರ್ತಿಲ್ಲ" ಎಂದರು. ನಾನು ಹೆಸರು ಕೇಳಲಿಲ್ಲ. ಕಪಾಟಿನಿಂದ ಬೂದು ಬದಿಯದನ್ನು ತೆಗೆದು ಕೈಗೆ ಕೊಟ್ಟೆ. ಅವರು ಹಾಡಿನ ಹೆಸರು ಓದಲಿಲ್ಲ, ನೀಲಿ ಶಾಯಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು.

ಎರಡನೆಯ ಹಾಡಿಗೆ ಮುಳ್ಳು ಇಳಿಸಿದೆ. ಮಳೆ ಸುರಿದಂಥ ಸದ್ದಿನ ಒಳಗಿಂದ ಹಾಡು ಬಂತು. ಎರಡನೇ ಚರಣದ ನಡುವೆ ಮುಳ್ಳು ಸಿಕ್ಕಿಕೊಂಡು ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿತು. ಆ ಜಾಗ ನನಗೆ ಗೊತ್ತಿದ್ದದ್ದೇ; ಪ್ರತಿ ಸಲ ಅಲ್ಲಿಗೆ ಬಂದಾಗ ಮುಳ್ಳನ್ನು ಎತ್ತಿ ನಿಲ್ಲಿಸಿಬಿಡುತ್ತಿದ್ದೆ. ಈಗಲೂ ಕೈ ಚಾಚಿದೆ. ಅವರ ಮುಖ ಅರಳಿತು. "ಇಲ್ಲೇ ಸಾರ್, ಇಲ್ಲೇ! ಅಡುಗೆಮನೆಯಿಂದ ಅಮ್ಮ ಸೌಟು ಹಿಡ್ಕೊಂಡೇ ಓಡಿ ಬರೋರು." ಆಮೇಲೆ ಸುತ್ತ ಮುತ್ತ ನೋಡಿ, "ನಾಲ್ಕಾಣೆ ಇದೆಯಾ?" ಎಂದರು.

ಮುಳ್ಳಿನ ತಲೆಯ ಮೇಲೆ ನಾಣ್ಯವಿಟ್ಟರೆ ಅದು ಗೀರನ್ನು ದಾಟುತ್ತದೆ, ಹಳಬರಿಗೆಲ್ಲ ಗೊತ್ತಿರುವ ಉಪಾಯ. ಭಾರ ಹೆಚ್ಚಾದಷ್ಟೂ ಜಾಡು ಬೇಗ ತೇಯುತ್ತದೆ ಎಂಬುದೂ ಗೊತ್ತಿರುವುದೇ; ತಟ್ಟೆ ಕೂಡಿಡುವವರು ಇದನ್ನು ಮಹಾಪಾಪವೆಂದು ಎಣಿಸುತ್ತಾರೆ. ನಾಲ್ಕಾಣೆಯ ಚಲಾವಣೆ ನಿಂತದ್ದು 2011ರಲ್ಲಿ. ಇಲ್ಲವೆಂದು ಹೇಳಿಬಿಡಬಹುದಿತ್ತು. ಬೀರು ಹುಡುಕಿದೆ, ಹೊಲಿಗೆಯ ಡಬ್ಬಿ ಹುಡುಕಿದೆ, ಕೊನೆಗೆ ದೇವರ ಮನೆಯ ಹುಂಡಿ ಬೋರಲು ಹಾಕಿದಾಗ ಒಂದು ಉರುಳಿತು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು, ಎಷ್ಟೋ ಸಲ ನೋಡಿದ ಕೆಲಸವನ್ನು ಮೊದಲ ಸಲ ತಾವೇ ಮಾಡುವವರ ಎಚ್ಚರದಲ್ಲಿ ಇಟ್ಟರು. ಮುಳ್ಳು ಆ ಜಾಗವನ್ನು ದಾಟಿತು.

ಹಾಡು ಮುಗಿಯುವ ತನಕ ಇಬ್ಬರೂ ಮಾತಾಡಲಿಲ್ಲ. ಮುಗಿದ ಮೇಲೆ ಅವರು, "ಇನ್ನೊಂದು ಸಲ ಹಾಕ್ತೀರಾ?" ಎಂದರು.

ಹಾಕಿದೆ.